ಗೇಣು ದೂರದ ನಕ್ಷತ್ರ

ಮುನಿಲಕ್ಷ್ಮಿ ಮೇಡಂ ಅವರ ಸ್ಟೀಲ್ ಸ್ಕೇಲಿನಲ್ಲಿ ಹದಿನೇಳನೆಯ ಸೆಂಟಿಮೀಟರಿನ ಗೆರೆಯ ಬಳಿ ಒಂದು ನಗ್ಗು ಇತ್ತು. ಹಾಗಾಗಿ ಆ ಸ್ಕೇಲ್ ಒತ್ತಿ ಹರಿದ ಪ್ರತಿ ಹಾಳೆಯೂ ಹೊಲಿಗೆಯ ಕಡೆ ಅಕ್ಕಿಕಾಳಿನಷ್ಟು ಒಂದು ಹಲ್ಲನ್ನು ಉಳಿಸಿ ಹೋಗುತ್ತಿತ್ತು. ನನ್ನ ಸಾಮಾನ್ಯ ವಿಜ್ಞಾನದ ಗೈಡಿನಲ್ಲಿ ಇನ್ನೂರ ಹನ್ನೆರಡನೆಯ ಪುಟದ ನಂತರ ಆ ಹಲ್ಲು ಈಗಲೂ ಇದೆ. ಅದರ ಮೇಲೆ ಬೆರಳು ಹೋದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಚಾಮರಾಜಪೇಟೆಯಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲೆ, ಎರಡನೆಯ ಮಹಡಿಯಲ್ಲಿ, ಸರ್ಕಾರಿ ಹುದ್ದೆಯ ಪರೀಕ್ಷೆಗಳಿಗೆ ತಯಾರಿ ಕೊಡುವ ಕೋಚಿಂಗ್ ಸೆಂಟರ್ ಅದು. ಮೆಟ್ಟಿಲು ಹತ್ತುವಾಗ ಶಾಯಿಯ ವಾಸನೆ, ಮೇಲೆ ಹೋದರೆ ನಲವತ್ತು ಕುರ್ಚಿಗಳಿಗೆ ಅರವತ್ತು ಜನ. ಎಂಎಸ್ಸಿ ಮುಗಿಸಿ ಎರಡು ವರ್ಷ ತಾತ್ಕಾಲಿಕ ಉಪನ್ಯಾಸಕಿಯಾಗಿ ಅಲೆದು, ಮಲ್ಲೇಶ್ವರದ ನಮ್ಮ ಮನೆಯಲ್ಲಿ ನನ್ನ ವಿಷಯ ಬಂದಾಗ ದನಿ ತಗ್ಗಿಸಿ ಮಾತಾಡುವುದು ಶುರುವಾದ ಮೇಲೆ ನಾನು ಅಲ್ಲಿಗೆ ಸೇರಿದೆ. ಮೊದಲ ದಿನ ಬಾಗಿಲಲ್ಲೇ ಕುಳ್ಳಗಿನ ಹೆಂಗಸೊಬ್ಬರು ಬಸ್ಸಿನ ಕಂಡಕ್ಟರಿನ ಹಾಗೆ ಕೈ ಚಾಚಿದರು.

“ಗೈಡು.”

ಕೊಟ್ಟೆ. ಅವರು ಪರಿವಿಡಿ ನೋಡಲಿಲ್ಲ. ‘ವಿಶ್ವ, ಗೆಲಾಕ್ಸಿಗಳು, ನಕ್ಷತ್ರಗಳು’ ಅಧ್ಯಾಯಕ್ಕೆ ನೇರವಾಗಿ ಹೋಗಿ, ಸ್ಕೇಲ್ ಒತ್ತಿ, ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಒಂದೇ ಎಳೆತದಲ್ಲಿ ಬೇರೆ ಮಾಡಿದರು. ಹರಿದದ್ದು ಬಿಸ್ಕತ್ತಿನ ಡಬ್ಬಿಗೆ ಹೋಯಿತು. ಅದರ ಜಾಗಕ್ಕೆ ತಾವೇ ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸಿದ ಹಾಳೆಯೊಂದನ್ನು ಅನ್ನದ ಗಂಜಿಯಿಂದ ಅಂಟಿಸಿ, ಊದಿ, ಪುಸ್ತಕ ಹಿಂದಕ್ಕೆ ಕೊಟ್ಟರು.

“ಏನ್ ಓದಿದೀಯಮ್ಮ?”

“ಎಂಎಸ್ಸಿ ಫಿಸಿಕ್ಸ್.”

“ಎಮ್ಮೆಸ್ಸಿ ಓದ್ಕೊಂಡು ಈ ಹಾಳೇನ ಚೀಲದಲ್ಲಿ ಹೊತ್ಕೊಂಡು ತಿರುಗ್ತಿದೀಯಲ್ಲ, ನಾಚ್ಕೆ ಆಗಲ್ವ?”

ಅಂದಿನಿಂದ ನನ್ನ ಹೆಸರು ಎಮ್ಮೆಸ್ಸಿ ಎಂದಾಯಿತು. ಕೊನೆಯವರೆಗೂ ಅವರು ನನ್ನ ನಿಜವಾದ ಹೆಸರು ಕೇಳಲಿಲ್ಲ.

ಹರಿದು ಹೋದ ಆ ಹಾಳೆಯಲ್ಲಿ ಇದ್ದದ್ದೇನೆಂದು ಹೇಳುತ್ತೇನೆ. ಜ್ಯೋತಿರ್ವರ್ಷ ಕಾಲದ ಅಳತೆ ಎಂದಿತ್ತು. ಅದು ಬೆಳಕು ಒಂದು ವರ್ಷದಲ್ಲಿ ಹೋಗುವ ದೂರ. ಕೆಂಪು ನಕ್ಷತ್ರಗಳು ಎಲ್ಲಕ್ಕಿಂತ ಬಿಸಿ ಎಂದಿತ್ತು. ಗ್ಯಾಸ್ ಒಲೆ ಹೊತ್ತಿಸಿದ ಯಾರಿಗೂ ಗೊತ್ತು, ನೀಲಿ ಜ್ವಾಲೆಗೆ ಶಾಖ ಹೆಚ್ಚು. ಆಕಾಶದಲ್ಲಿ ಅತಿ ಪ್ರಕಾಶಮಾನವಾದ ನಕ್ಷತ್ರ ಧ್ರುವ ಎಂದಿತ್ತು. ಅದಕ್ಕಿಂತ ಹೊಳೆಯುವವು ಹತ್ತಾರಿವೆ. ಭೂಮಿಗೆ ಅತಿ ಸಮೀಪದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಎಂದಿತ್ತು, ಸೂರ್ಯ ನಕ್ಷತ್ರವೇ ಅಲ್ಲವೆಂಬಂತೆ. ಒಂದು ಗೈಡಿನಿಂದ ಇನ್ನೊಂದು ಗೈಡಿಗೆ, ಅಲ್ಲಿಂದ ಮತ್ತೊಂದಕ್ಕೆ, ಅಲ್ಪವಿರಾಮಗಳ ಸಮೇತ ನಕಲಾಗಿ ಬಂದ ಹಾಳೆ. ಪ್ರತಿ ವರ್ಷ ಸಾವಿರಾರು ಜನ ಅದನ್ನು ಬೆಳಗಿನ ಜಾವ ಎದ್ದು ಬಾಯಿಪಾಠ ಮಾಡುತ್ತಾರೆ.

ಮೇಡಂ ಅವರ ಕೋಪ ವಿಚಿತ್ರವಾದದ್ದು. ಕೋಪ ಬಂದಷ್ಟೂ ದನಿ ಇಳಿಯುತ್ತಿತ್ತು. ಹಿಂದಿನ ಸಾಲಿನವರು ಎದ್ದು ಮುಂದೆ ಬಂದು ನಿಂತು ಬೈಗುಳ ಕೇಳಿಸಿಕೊಳ್ಳಬೇಕಾಗುತ್ತಿತ್ತು. ಗಡಿಯಾರವನ್ನು ಮಣಿಕಟ್ಟಿನ ಒಳಗಡೆಗೆ ಕಟ್ಟುತ್ತಿದ್ದರು. ಉಗುರಿನ ಸಂದಿಯಲ್ಲಿ ಸದಾ ಸ್ವಲ್ಪ ಹಸಿರು. ಬೆಳಿಗ್ಗೆ ಐದರಿಂದ ಹತ್ತರವರೆಗೆ ಗಾಂಧಿ ಬಜಾರಿನಲ್ಲಿ ತಮ್ಮನ ತರಕಾರಿ ಅಂಗಡಿಯಲ್ಲಿ ಕೂತು ಸೊಪ್ಪು ಬಿಡಿಸಿ ಕಟ್ಟು ಕಟ್ಟುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ನಮಗೆ ನಕ್ಷತ್ರ. ಮೂರು ತಲೆಮಾರು ತರಕಾರಿ ಮಾರಿದ ಮನೆಯಲ್ಲಿ ಬಿಎಸ್ಸಿ ಓದಿದ ಮೊದಲನೆಯವರು. ಇಪ್ಪತ್ತಾರು ವರ್ಷ ಬೇರೆ ಬೇರೆ ಶಾಲೆಗಳಲ್ಲಿ ಹಂಗಾಮಿಯಾಗಿ ವಿಜ್ಞಾನ ಕಲಿಸಿದರು, ಎಲ್ಲೂ ಕಾಯಂ ಆಗಲಿಲ್ಲ. ಸೆಂಟರಿನ ಮಾಲೀಕರು ಕರಪತ್ರದಲ್ಲಿ ಅವರ ಹೆಸರನ್ನು ‘ಎಂ. ಲಕ್ಷ್ಮಿ’ ಎಂದು ಅಚ್ಚು ಹಾಕಿಸಿದ್ದರಂತೆ, ಮುನಿಲಕ್ಷ್ಮಿ ಎಂದರೆ ಮೇಷ್ಟ್ರ ಹೆಸರಿನ ಹಾಗೆ ಕೇಳಿಸುವುದಿಲ್ಲವೆಂದು. ಇವರು ಕೆಳಗಿನ ಪ್ರೆಸ್ಸಿಗೆ ಹೋಗಿ, ಉಳಿದ ಕರಪತ್ರಗಳಲ್ಲೆಲ್ಲ ಪೆನ್ನಿನಿಂದ ‘ಮುನಿ’ ಸೇರಿಸಿ ಬಂದಿದ್ದರು.

ಒಮ್ಮೆ ಯಾರೋ ಕೇಳಿದರು, “ಮೇಡಂ, ಒಂದಿನ ರಾತ್ರಿ ಆಕಾಶ ತೋರ್ಸೋಕೆ ಕರ್ಕೊಂಡ್ ಹೋಗಿ.”

“ಈ ಊರಲ್ಲಿ ರಾತ್ರಿ ಏನಪ್ಪ ಕಾಣತ್ತೆ? ಟವರಿನ ಕೆಂಪು ದೀಪ. ಹಗಲಲ್ಲೇ ಒಂದು ನಕ್ಷತ್ರ ನಿನ್ನ ನೆತ್ತಿ ಸುಡ್ತಾ ಇದೆ. ಮೊದ್ಲು ಅದಕ್ಕೆ ಮರ್ಯಾದೆ ಕೊಡು. ನೇರವಾಗಿ ನೋಡ್ಬೇಡ ಮತ್ತೆ, ಕಣ್ಣು ಹೋದ್ರೆ ನಿಮ್ಮಮ್ಮ ನನ್ನ ಬೈತಾರೆ.”

ಅವರ ಖಗೋಳವೆಲ್ಲ ಹಗಲಿನದು. ತಡವಾಗಿ ಬಂದವರನ್ನು ಕಿಟಕಿಯ ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದರು. “ನೀನು ಕೆಳಗೆ ಟೀ ಕುಡೀತಾ ನಿಂತಾಗ ಈ ಬೆಳಕು ಸೂರ್ಯನ್ ಬಿಟ್ಟಿತ್ತು. ಹದಿನೈದು ಕೋಟಿ ಕಿಲೋಮೀಟ್ರು, ಎಂಟು ನಿಮಿಷದ ಮೇಲೆ ಸ್ವಲ್ಪ. ನಿನಗಿಂತ ಮೊದ್ಲು ಬಂದು ನಿನ್ನ ಕುರ್ಚಿ ಮೇಲೆ ಕೂತಿದೆ ನೋಡು.” ತಡವಾಗಿ ಬಂದವನು ನಗುತ್ತಿದ್ದ, ನಾವೂ ನಗುತ್ತಿದ್ದೆವು. ಆ ಸಂಖ್ಯೆಯನ್ನು ಮಾತ್ರ ಯಾರೂ ಮತ್ತೆ ಮರೆಯಲಿಲ್ಲ.

ಸಾಸಿವೆಯ ಪಾಠ ನಡೆದದ್ದು ಒಂದು ಮಂಗಳವಾರ. ಕಾಗದದ ಪೊಟ್ಟಣದಿಂದ ಒಂದೇ ಒಂದು ಸಾಸಿವೆಕಾಳು ತೆಗೆದು ಮೇಜಿನ ಮೇಲಿಟ್ಟರು.

“ಇದು ಸೂರ್ಯ. ಭೂಮಿ ಎಲ್ಲಿ?”

ಅವರು ಹೆಬ್ಬೆರಳನ್ನು ಸಾಸಿವೆಯ ಪಕ್ಕ ಊರಿ, ಅಂಗೈ ಬಿಡಿಸಿ, ಕಿರುಬೆರಳಿನ ತುದಿಯನ್ನು ಮೇಜಿಗೆ ಮುಟ್ಟಿಸಿದರು. “ಇಲ್ಲಿ. ಒಂದು ಗೇಣು. ಕಾಣಲ್ಲ, ಧೂಳಿಗಿಂತ ಸಣ್ಣದು. ಅದ್ರ ಮೇಲೆ ನೀವು, ನಾನು, ನಿಮ್ಮ ಕಟ್ ಆಫ್ ಮಾರ್ಕ್ಸು ಎಲ್ಲಾ. ಸರಿ, ಸೂರ್ಯನ್ ಬಿಟ್ರೆ ಮುಂದಿನ ನಕ್ಷತ್ರ ಪ್ರಾಕ್ಸಿಮಾ. ಅದಿನ್ನೂ ಚಿಕ್ಕದು, ಇರ್ಲಿ, ಲೆಕ್ಕಕ್ಕೆ ಇನ್ನೊಂದು ಸಾಸಿವೆ. ಎಲ್ಲಿಡ್ಲಿ?”

“ಬಾಗ್ಲ ಹತ್ರ!”

“ಗಾಂಧಿ ಬಜಾರಲ್ಲಿ!”

“ಮೆಜೆಸ್ಟಿಕ್ಕಲ್ಲಿ ಮೇಡಂ, ಬಸ್ ಹತ್ಸಿ!”

ನಗು ನಿಲ್ಲುವವರೆಗೂ ಕಾದರು. “ಚನ್ನಪಟ್ಟಣದಲ್ಲಿ.”

ನಾನು ನೋಟ್‌ಬುಕ್ಕಿನ ಅಂಚಿನಲ್ಲಿ ಲೆಕ್ಕ ಹಾಕಿ ನೋಡಿದೆ. ಎರಡು ಮಿಲಿಮೀಟರಿನ ಸೂರ್ಯನಿಗೆ ಸುಮಾರು ಐವತ್ತೆಂಟು ಕಿಲೋಮೀಟರು. ಸರಿಯಾಗಿತ್ತು. ವಿಶ್ವವಿದ್ಯಾಲಯದಲ್ಲಿ ಈ ಸಂಖ್ಯೆಯನ್ನು ಹತ್ತರ ಘಾತಗಳಲ್ಲಿ ಎಷ್ಟೋ ಸಲ ಬರೆದಿದ್ದೆ. ಅದು ಎಷ್ಟು ದೂರವೆಂದು ನನಗೆ ತಿಳಿದದ್ದು ಆ ಮಧ್ಯಾಹ್ನ.

“ಮಧ್ಯೆ ಏನಿದೆ ಮೇಡಂ?” ಎಂದು ಕೇಳಿದವಳು ಭಾಗ್ಯ.

“ಏನೂ ಇಲ್ಲ ಕಣಮ್ಮ. ಬಿಡದಿ ಇಲ್ಲ, ರಾಮನಗರ ಇಲ್ಲ, ತಟ್ಟೆ ಇಡ್ಲಿ ಇಲ್ಲ. ಖಾಲಿ. ಇಂಥ ಕಾಳು ಹತ್ತು ಸಾವಿರ ಕೋಟಿಗೂ ಮೇಲೆ ಸೇರಿದ್ರೆ ನಮ್ಮ ಕ್ಷೀರಪಥ, ಒಂದು ಗೆಲಾಕ್ಸಿ. ಇದೇ ಅಳತೇಲಿ ಅದರ ಅಗಲ, ಇಲ್ಲಿಂದ ಚಂದ್ರನಿಗೆ ಹೋಗಿ, ಬಂದು, ಮತ್ತೆ ಹೋದ್ರೂ ಮುಗಿಯಲ್ಲ. ಅಂಥ ಗೆಲಾಕ್ಸಿಗಳು ಎಷ್ಟಿದಾವೆ ಅಂತ ಎಣಿಸಿ ಮುಗಿಸ್ದೋರು ಯಾರೂ ಇಲ್ಲ.”

“ಚನ್ನಪಟ್ಟಣ ನಮ್ಮೂರು ಮೇಡಂ.”

“ಹೌದಾ? ಹಂಗಾದ್ರೆ ಇದನ್ನ ತಗೊಂಡ್ ಹೋಗು.” ಪೊಟ್ಟಣದಿಂದ ಇನ್ನೊಂದು ಕಾಳು ತೆಗೆದು ಭಾಗ್ಯಳ ಅಂಗೈಗೆ ಹಾಕಿದರು. “ನಿಮ್ಮನೆ ಬಾಗ್ಲ ಮೇಲೆ ಇಟ್ಬಿಡು.”

ಭಾಗ್ಯ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ವಧೂವರರ ಹೆಸರುಗಳ ತಪ್ಪು ತಿದ್ದಿ, ಸ್ಯಾಂಪಲ್ ತೋರಿಸಿ, ಮಧ್ಯಾಹ್ನ ರಜೆ ಕೇಳಿಕೊಂಡು ಕ್ಲಾಸಿಗೆ ಓಡಿ ಬರುತ್ತಿದ್ದಳು. ವಯೋಮಿತಿಯ ಪ್ರಕಾರ ಅವಳಿಗಿದು ಕೊನೆಯ ಪರೀಕ್ಷೆ. ಆ ಭಾನುವಾರ ಅವಳು ನಿಜವಾಗಿಯೂ ಸಾಸಿವೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಊರಿಗೆ ಹೋಗಿ, ಬಾಗಿಲ ಮೇಲಿನ ಪಟ್ಟಿಯ ಮೇಲಿಟ್ಟು, ಅಲ್ಲಿಂದಲೇ ಮೇಡಂಗೆ ಫೋನು ಮಾಡಿದಳು. ಸೋಮವಾರ ನನ್ನ ಪಕ್ಕ ಕೂತು ಹೇಳಿದಳು: “ಬರ್ತಾ ಬಸ್ಸಲ್ಲಿ ಕಿಟಕಿ ಪಕ್ಕ ಕೂತು, ಊರುಗಳನ್ನೆಲ್ಲ ಒಂದೊಂದಾಗಿ ಅಳಿಸ್ಕೊಂಡ್ ಬಂದೆ ಕಣೇ. ಎದೆ ಝಲ್ ಅಂತು. ಇನ್ನು ಸಾಯೋವರೆಗೂ ಮರೆಯಲ್ಲ, ಹತ್ರದ ನಕ್ಷತ್ರ ಗೇಣು ದೂರದ ಸೂರ್ಯ ಅಂತ.”

ಈಗ ನೋಟ್‌ಬುಕ್ಕಿನ ವಿಷಯಕ್ಕೆ ಬರಬೇಕು.

ನಮ್ಮ ಸೆಂಟರಿನಲ್ಲಿ ಒಂದು ರೂಢಿ ಇತ್ತು. ಪುಟದ ನಡುವೆ ಉದ್ದಕ್ಕೆ ಗೆರೆ ಎಳೆದು ಎಡಗಡೆ ‘ನಿಜ’ ಎಂದೂ ಬಲಗಡೆ ‘ಕೀ’ ಎಂದೂ ಬರೆಯುವುದು. ಕೀ ಎಂದರೆ ಪರೀಕ್ಷೆ ಮುಗಿದ ಮೇಲೆ ಅದನ್ನು ನಡೆಸುವವರು ಪ್ರಕಟಿಸುವ ಸರಿಯುತ್ತರಗಳ ಪಟ್ಟಿ. ಹಳೆಯ ಕೀಗಳಲ್ಲಿ ತಪ್ಪುಗಳಿದ್ದವು. ಕೆಲವು ಹಾಗೇ ಉಳಿದು ಅಂಕಗಳಾಗಿದ್ದವು. ಆದ್ದರಿಂದ ಒಂದು ಪ್ರಶ್ನೆಗೆ ಎರಡು ಉತ್ತರ ಕಲಿಯಬೇಕು. ತಿಳಿದುಕೊಳ್ಳಲು ಒಂದು, ಉತ್ತರ ಪತ್ರಿಕೆಯ ವೃತ್ತ ತುಂಬಲು ಇನ್ನೊಂದು. ಹತ್ತಿರದ ನಕ್ಷತ್ರ: ನಿಜ, ಸೂರ್ಯ. ಕೀ, ಪ್ರಾಕ್ಸಿಮಾ. ಯಾರಿಗೂ ಇದು ವಿಚಿತ್ರವೆನಿಸುತ್ತಿರಲಿಲ್ಲ. ಪಾಠದ ನಡುವೆಯೇ ಕೈಯೆತ್ತಿ ಕೇಳುತ್ತಿದ್ದರು, “ಇದು ನಿಜಾನಾ ಮೇಡಂ, ಕೀನಾ?”

ಆ ಮಾತು ಕೇಳಿದರೆ ಮೇಡಂ ದನಿ ನೆಲಕ್ಕಿಳಿಯುತ್ತಿತ್ತು.

“ನಮ್ಮಪ್ಪ ಸೊಪ್ಪಲ್ಲಿ ಹುಳ ಇದ್ರೆ ಗಿರಾಕಿಗೆ ತೋರ್ಸಿ ಕೊಡೋನು. ‘ಇದೆ ತಾಯಿ, ಬಿಡಿಸ್ಕೊಳ್ಳಿ’ ಅನ್ನೋನು. ಒಳ್ಳೆ ಸೊಪ್ಪು ಒಂದು ಬುಟ್ಟಿ, ಹುಳದ ಸೊಪ್ಪು ಒಂದು ಬುಟ್ಟಿ ಇಟ್ಕೊಂಡು, ಕೇಳ್ದೋರಿಗೆ ಕೇಳಿದ್ದು ಅಂತ ಮಾರ್ಲಿಲ್ಲ. ಗೆರೆ ಅಳಿಸಿ. ನನ್ನ ಕ್ಲಾಸಲ್ಲಿ ಒಂದೇ ಬುಟ್ಟಿ.”

ಸೆಂಟರಿನ ಮಾಲೀಕರು ಪ್ರಭಾಕರ್. ಕೆಟ್ಟ ಮನುಷ್ಯ ಎಂದು ಹೇಳಿ ಮುಗಿಸಿಬಿಡಲು ನನಗೆ ಇಷ್ಟವಿದೆ, ಆದರೆ ಅದು ಪೂರ್ತಿ ಸರಿಯಲ್ಲ. ತಾವೇ ಐದು ಸಲ ಪರೀಕ್ಷೆ ಬರೆದು ಸೋತವರು. ತಮ್ಮ ಹುಡುಗ ಹುಡುಗಿಯರು ಸೋಲಬಾರದು ಎಂಬುದು ಅವರಿಗೆ ಮನಸಾರೆ ಇತ್ತು. ಒಂದು ದಿನ ಕ್ಲಾಸಿನ ಬಾಗಿಲಲ್ಲೇ ನಿಂತು ನಮ್ಮೆಲ್ಲರ ಎದುರು ಹೇಳಿದರು:

“ಮೇಡಂ, ಇವ್ರಿಗೆ ಬೇಕಾಗಿರೋದು ನಕ್ಷತ್ರ ಅಲ್ಲ, ಅಪಾಯಿಂಟ್‌ಮೆಂಟ್ ಆರ್ಡರ್ರು. ಕೀ ಏನ್ ಹೇಳುತ್ತೋ ಅದನ್ನೇ ಹೇಳ್ಕೊಡಿ.”

“ಕೀ ತಪ್ಪಿದ್ರೆ?”

“ಕೀ ತಪ್ಪಿದ್ರೂ ಮಾರ್ಕ್ಸ್ ಕೊಡೋದು ಕೀನೇ. ಸೂರ್ಯ ಬಂದು ಮಾರ್ಕ್ಸ್ ಹಾಕ್ತಾನಾ?”

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಮೇಡಂ ಡಸ್ಟರ್ ತೆಗೆದುಕೊಂಡು, ಖಾಲಿ ಬೋರ್ಡನ್ನು ನಿಧಾನವಾಗಿ ಒರೆಸಿದರು. ಆಮೇಲೆ ತಿರುಗಿ, ಮೊದಲ ಸಾಲಿಗೆ ಮಾತ್ರ ಕೇಳುವ ದನಿಯಲ್ಲಿ, “ತಪ್ಪು ಅಂತ ಆಕ್ಷೇಪಣೆ ಹಾಕಕ್ಕೆ ಏಳು ದಿನ ಕೊಡ್ತಾರಲ್ಲ ಪ್ರಭಾಕರ್. ಅರವತ್ತು ಜನ ಗೊತ್ತಿರೋದನ್ನ ಬರ್ದು, ಅರವತ್ತು ಜನ ಆಕ್ಷೇಪಣೆ ಹಾಕಿದ್ರೆ ಕೀನೇ ಬದಲಾಗುತ್ತೆ. ಗೊತ್ತಿದ್ದೂ ತಪ್ಪು ಬರೆಯೋರು ಇದ್ದಷ್ಟು ದಿನ ಮಾತ್ರ ಅದು ಹಂಗೇ ಇರತ್ತೆ,” ಎಂದರು.

ಆ ದಿನ ಎಲ್ಲರೂ ಗೆರೆ ಅಳಿಸಿದೆವು. ನಾನೂ ಅಳಿಸಿದೆ. ಮನೆಗೆ ಹೋಗಿ ಇನ್ನೊಂದು ನೋಟ್‌ಬುಕ್ಕಿನಲ್ಲಿ ಮತ್ತೆ ಎಳೆದೆ.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ಅರವತ್ತಮೂರನೆಯದು. ‘ಭೂಮಿಗೆ ಅತಿ ಸಮೀಪದಲ್ಲಿರುವ ನಕ್ಷತ್ರ ಯಾವುದು? ಒಂದು, ಸೂರ್ಯ. ಎರಡು, ಪ್ರಾಕ್ಸಿಮಾ ಸೆಂಟಾರಿ. ಮೂರು, ಲುಬ್ಧಕ. ನಾಲ್ಕು, ಧ್ರುವ.’ ಪಕ್ಕದ ಕಿಟಕಿಯಿಂದ ಬಂದ ಬಿಸಿಲು ನನ್ನ ಉತ್ತರ ಪತ್ರಿಕೆಯ ಮೇಲೇ ಬಿದ್ದಿತ್ತು. ನಾನು ಅದನ್ನು ಸ್ವಲ್ಪ ಸರಿಸಿಕೊಂಡೆ. ಆ ಒಂದು ನಿಮಿಷ ನಾನು ನಕ್ಷತ್ರಗಳ ಬಗ್ಗೆ ಯೋಚಿಸಲಿಲ್ಲ. ಪ್ರಶ್ನೆ ಬರೆದವರ ಬಗ್ಗೆ ಯೋಚಿಸಿದೆ. ಅವರ ಮೇಜಿನ ಮೇಲೆ ಯಾವ ಗೈಡು ಇದ್ದಿರಬಹುದು ಎಂದು ಯೋಚಿಸಿದೆ. ಎರಡನೆಯ ವೃತ್ತವನ್ನು ಕಪ್ಪು ಶಾಯಿಯಿಂದ, ಅಂಚು ದಾಟದಂತೆ, ತುಂಬಿದೆ.

ಹೊರಗೆ ಬಂದಾಗ ಭಾಗ್ಯ ಕಾಯುತ್ತಿದ್ದಳು. ನಾವು ತುಂಬಿದ ಉತ್ತರಗಳ ಕಾರ್ಬನ್ ಪ್ರತಿಯನ್ನು ನಮಗೇ ಕೊಡುತ್ತಾರೆ. ಅವಳು ನನ್ನದನ್ನು ಕಿತ್ತುಕೊಂಡು ತನ್ನದರ ಪಕ್ಕ ಹಿಡಿದಳು. ಅರವತ್ತಮೂರಕ್ಕೆ ಬಂದಾಗ ಅವಳ ಬೆರಳು ನಿಂತಿತು.

“ಇದೇನೇ, ಎರಡು ಹಾಕಿದೀಯ?”

ನಾನು, “ಬಸ್ ಬಂತು,” ಎಂದೆ.

ವಾರದ ಮೇಲೆ ಕೀ ಬಂತು. ಅರವತ್ತಮೂರು, ಎರಡು.

ಮಾರನೆಯ ಬೆಳಿಗ್ಗೆ ಎಲ್ಲರೂ ಸೆಂಟರಿನಲ್ಲಿ ಸೇರಿದೆವು. ಮೇಡಂ ಮೂರು ಗಂಟೆಗೆ ಬರುವವರು, ಇರಲಿಲ್ಲ. ಮೇಡಂ ಮಾತು ಕೇಳಿ ಸೂರ್ಯ ಎಂದು ತುಂಬಿದವರು ಇಪ್ಪತ್ತಕ್ಕೂ ಹೆಚ್ಚು ಜನ. ಒಂದು ಅಂಕದಲ್ಲಿ ನೂರಾರು ಜನ ಮುಂದೆ ಹೋಗುವ ಪರೀಕ್ಷೆ ಇದು. ಕೋಣೆಯಲ್ಲಿ ಪ್ರೆಸ್ಸಿನ ಸದ್ದಿಗಿಂತ ಜೋರು ಗದ್ದಲ. ಭಾಗ್ಯ ಎದ್ದು ನಿಂತಳು. ಅವಳ ಮುಖ ಊದಿಕೊಂಡಿತ್ತು.

“ಸರ್, ಮೇಡಂ ತಪ್ಪು ಹೇಳ್ಕೊಟ್ಟಿದಾರೆ. ನಂಗಂತೂ ಗೊತ್ತಾಗಲ್ಲ, ನಾನು ಬಿಎ. ಇವ್ಳು ಎಂಎಸ್ಸಿ ಫಿಸಿಕ್ಸ್ ಓದಿರೋಳು. ಇವ್ಳೇ ಪ್ರಾಕ್ಸಿಮಾ ಹಾಕಿದಾಳೆ. ಇವ್ಳಿಗಿಂತ ಗೊತ್ತಾ ಮೇಡಂಗೆ? ಸಾಸಿವೆ ಕಾಳು ಕೊಟ್ಟು ನನ್ನ ಮಂಗ ಮಾಡಿದ್ರು.”

ಪ್ರಭಾಕರ್ ನನ್ನ ಕಡೆ ನೋಡಿದರು. “ಹೌದಾಮ್ಮ?”

ನನಗೆ ಹೇಳಲು ಇದ್ದದ್ದು ಒಂದೇ ವಾಕ್ಯ. ಮೇಡಂ ಹೇಳಿದ್ದು ಸರಿ, ಕೀ ತಪ್ಪು, ನಾನು ಗೊತ್ತಿದ್ದೇ ತಪ್ಪು ತುಂಬಿದೆ. ಅದನ್ನು ಮನಸ್ಸಿನಲ್ಲಿ ಪೂರ್ತಿಯಾಗಿ, ವ್ಯಾಕರಣಬದ್ಧವಾಗಿ ಜೋಡಿಸಿಕೊಂಡೆ. ಹೇಳಿದರೆ ಆಕ್ಷೇಪಣೆ ಹೋಗುತ್ತದೆ, ಕೀ ಬದಲಾಗುತ್ತದೆ, ನನ್ನ ಒಂದು ಅಂಕ ಹೋಗುತ್ತದೆ. ನಾನು ಕಟ್ ಆಫ್ ಅಂದಾಜಿನ ಗೆರೆಯ ಮೇಲೆ ಸರಿಯಾಗಿ ಒಂದು ಅಂಕದಷ್ಟು ಎತ್ತರದಲ್ಲಿದ್ದೆ.

“ಹೌದು ಸರ್, ಎರಡು ಹಾಕಿದೆ,” ಎಂದೆ. ಅಷ್ಟೇ. ಒಂದೂ ಸುಳ್ಳು ಪದವಿಲ್ಲದ ಮಾತು. ಅದನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆ ಬಿಸಿಯಾಗುತ್ತದೆ.

ಪ್ರಭಾಕರ್ ಅಲ್ಲಿಯೇ ಮೇಡಂಗೆ ಫೋನು ಮಾಡಿ, ಇನ್ನು ಬರುವುದು ಬೇಡ ಎಂದರು. ಹಾಗೇ ನಮಗೂ ಹೇಳಿದರು: ಆಕ್ಷೇಪಣೆ ಗೀಕ್ಷೇಪಣೆ ಅಂತ ಹೋಗಬೇಡಿ, ಎಂಎಸ್ಸಿ ಹುಡುಗಿಯೇ ಒಪ್ಪಿದ್ದಾಳೆ, ಸುಮ್ಮನೆ ನಗೆಪಾಟಲು. ಅವರ ಮೇಲೆ ನನಗೆ ಸಿಟ್ಟಿದೆ. ಆ ಪ್ರಶ್ನೆಯನ್ನು ಬರೆದ, ನಾನು ಎಂದೂ ನೋಡದ, ತಲೆ ಎತ್ತಿದರೆ ಉತ್ತರ ಕಾಣುತ್ತಿದ್ದರೂ ಗೈಡು ನೋಡಿದ ಮನುಷ್ಯನ ಮೇಲೆ ಸಿಟ್ಟಿದೆ. ಭಾಗ್ಯ ನನ್ನನ್ನು ಅಷ್ಟು ನಂಬಿದ್ದಕ್ಕೆ ಅವಳ ಮೇಲೂ ಸ್ವಲ್ಪ ದಿನ ಸಿಟ್ಟಿತ್ತು; ಅದು ಎಷ್ಟು ನೀಚವೆಂದು ತಿಳಿಯಲು ಐದು ದಿನ ಬೇಕಾಯಿತು. ಉಳಿದ ಸಿಟ್ಟು ಎಲ್ಲಿದೆಯೋ ಅಲ್ಲೇ ಇದೆ. ಕಾರ್ಬನ್ ಪ್ರತಿಯ ಅರವತ್ತಮೂರನೆಯ ಸಾಲಿನಲ್ಲಿ.

ಆರನೆಯ ದಿನ ಬೆಳಿಗ್ಗೆ ಗಾಂಧಿ ಬಜಾರಿಗೆ ಹೋದೆ. ಮೇಡಂ ತಮ್ಮನ ಅಂಗಡಿಯಲ್ಲಿ ಗೋಣಿಯ ಮೇಲೆ ಕೂತು ಮೆಂತ್ಯ ಸೊಪ್ಪು ಕಟ್ಟುತ್ತಿದ್ದರು. ನನ್ನನ್ನು ಕಂಡೊಡನೆ ಮುಖ ಅರಳಿತು. ಅದು ಅರಳದಿರಲಿ ಎಂದು ನಾನು ಎಷ್ಟು ಬಯಸಿದೆನೋ.

“ಬಾರಮ್ಮ ಎಮ್ಮೆಸ್ಸಿ! ನೀನೇ ಬರ್ತೀಯ ಅಂತ ಗೊತ್ತಿತ್ತು. ಕೂತ್ಕೋ, ಆ ಬುಟ್ಟಿ ಸರಿಸು.” ಸೊಪ್ಪಿನ ನೀರು ಕೊಡವಿಕೊಂಡು ಮುಂದುವರಿಸಿದರು. “ಆ ಪ್ರಭಾಕರ ಏನಂದ ಗೊತ್ತಾ ಫೋನಲ್ಲಿ? ‘ನಿಮ್ಮ ಎಂಎಸ್ಸಿನೂ ಎರಡೇ ಹಾಕಿದಾಳೆ’ ಅಂತ. ನಾನು ನಗಾಡ್ಬಿಟ್ಟೆ. ‘ಸುಳ್ಳು ಹೇಳಕ್ಕೂ ಒಂದು ಹದ ಬೇಕು ಕಣ್ರೀ, ಆ ಹುಡುಗಿ ಸತ್ರೂ ಹಾಕಲ್ಲ’ ಅಂದೆ.”

ತಕ್ಕಡಿಯ ಕಲ್ಲಿನ ಕೆಳಗಿದ್ದ ಪ್ಲಾಸ್ಟಿಕ್ ಕವರನ್ನು ಎಳೆದು ತೋರಿಸಿದರು. “ನೋಡು, ಶಾಲೆ ಪಠ್ಯಪುಸ್ತಕದ ಪುಟ. ಸೂರ್ಯನೇ ನಮಗೆ ಹತ್ತಿರದ ನಕ್ಷತ್ರ ಅಂತ ಅಚ್ಚಾಗಿದೆ. ಆಕ್ಷೇಪಣೆ ಪರೀಕ್ಷೆ ಬರ್ದೋರೇ ಹಾಕ್ಬೇಕಂತಲ್ಲ, ನಾನ್ ಹಾಕೋ ಹಂಗಿಲ್ಲ. ನಿನ್ನ ಕೈಲಿ ಹಾಕ್ಸಣ ಅಂತ ಇಟ್ಕೊಂಡಿದೀನಿ. ನಾಳೆ ಕಡೇ ದಿನ.”

ಚೀಲದಿಂದ ಕಾರ್ಬನ್ ಪ್ರತಿ ತೆಗೆದು ಅವರ ಮುಂದೆ ಹಿಡಿದೆ.

ಅವರು ಸೆರಗಿಗೆ ಕೈ ಒರೆಸಿ, ಕನ್ನಡಕ ಹಾಕಿಕೊಂಡು, ಸಾಲುಗಳ ಮೇಲೆ ಬೆರಳಿಟ್ಟು ಬಂದರು. ಹಸಿರು ಉಗುರು ಅರವತ್ತಮೂರರಲ್ಲಿ ನಿಂತಿತು. ಗಿರಾಕಿಯೊಬ್ಬಳು ಬಂದು “ಮೆಂತ್ಯ ಹೆಂಗಮ್ಮ?” ಎಂದಳು. ಅವರಿಗೆ ಕೇಳಿಸಲಿಲ್ಲ. ಅವರ ತಮ್ಮ ಬಂದು ಅವಳಿಗೆ ಕೊಟ್ಟು ಕಳಿಸಿದ.

“ಗೊತ್ತಿಲ್ದೆ ಹಾಕಿದ್ಯಾ?”

“ಗೊತ್ತಿತ್ತು ಮೇಡಂ.”

ಬಜಾರಿನ ಗದ್ದಲದಲ್ಲಿ ಅವರ ಮುಂದಿನ ಮಾತು ಕೇಳಲು ನಾನು ಬಗ್ಗಬೇಕಾಯಿತು.

“ಗೊತ್ತಿಲ್ದೋರ ಮೇಲೆ ನಾನು ಯಾವತ್ತೂ ಕೋಪ ಮಾಡ್ಕೊಂಡಿಲ್ಲ ಕಣಮ್ಮ. ಪ್ರಭಾಕರಂಗೆ ಗೊತ್ತಿಲ್ಲ. ಭಾಗ್ಯಂಗೆ ಗೊತ್ತಿಲ್ಲ. ಅವಳು ಮೊನ್ನೆ ಫೋನ್ ಮಾಡಿದ್ಲು, ‘ನಿಮ್ಮ ಸಾಸಿವೇನ ಎತ್ತಿ ಬಿಸಾಕಿದೆ’ ಅಂತ ಹೇಳಕ್ಕೆ. ಅದಕ್ಕೇ ಅಂತ ಚನ್ನಪಟ್ಟಣಕ್ಕೆ ಹೋಗಿದ್ಲಂತೆ. ಅವಳಿಗೆ ಹೇಳ್ದ್ಯಾ?”

“ಇಲ್ಲ.”

“ಹೂಂ.”

ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ. ಪ್ರತಿಯನ್ನು ನನಗೆ ಹಿಂದಿರುಗಿಸಿ, ಕನ್ನಡಕ ತೆಗೆದು, ಮತ್ತೆ ಮೆಂತ್ಯಕ್ಕೆ ಕೈ ಹಾಕಿದರು. ಹಳದಿಯಾದ ಎಲೆಗಳನ್ನು ಒಂದೊಂದೇ ಚಿವುಟಿ ಪಕ್ಕಕ್ಕೆ ಹಾಕಿದರು. ಕವರು ತಕ್ಕಡಿಯ ಪಕ್ಕದಲ್ಲೇ ಇತ್ತು; ನನ್ನ ಕಡೆಗೆ ತಳ್ಳಲೂ ಇಲ್ಲ, ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಕೊನೆಗೆ ನಾನೇ ಎತ್ತಿಕೊಂಡೆ.

“ಏಳು,” ಎಂದರು, ತಲೆ ಎತ್ತದೆ. “ಗಿರಾಕಿ ಬರೋ ಹೊತ್ತು. ದಾರಿ ಬಿಡು.”

ಅದೇ ಕೊನೆ. ಆಮೇಲೆ ಎರಡು ಸಲ ಹೋದೆ. ಅಂಗಡಿಯಲ್ಲಿ ತಮ್ಮ ಒಬ್ಬನೇ ಇದ್ದ. ಅಕ್ಕ ಆನೇಕಲ್ಲಿನ ತಂಗಿಯ ಮನೆಗೆ ಹೋಗಿದ್ದಾರೆ, ಅಲ್ಲಿ ಹೈಸ್ಕೂಲ್ ಮಕ್ಕಳಿಗೆ ಹೇಳಿಕೊಡುತ್ತಾರಂತೆ ಎಂದ. ಫೋನು ಮಾಡಿದರೆ ಎತ್ತುವುದಿಲ್ಲ. ಎತ್ತದಿರುವ ಹಕ್ಕು ಅವರಿಗಿದೆ. ಅಂತಿಮ ಕೀ ಇನ್ನೂ ಬಂದಿಲ್ಲ. ಏನಾದರೂ ಬರಲಿ, ಅವರಿಗೆ ನಾನು ಹೇಳಬೇಕಾದ ಮಾತು ಅದರಲ್ಲಿ ಇರುವುದಿಲ್ಲ. ಆ ಬಿಸ್ಕತ್ತಿನ ಡಬ್ಬಿ ಸೆಂಟರಿನಲ್ಲೇ ಉಳಿದಿತ್ತು. ಪ್ರಭಾಕರ್ ಅದನ್ನು ರದ್ದಿಗೆ ಹಾಕಿದರೆಂದು ಕೇಳಿದೆ. ಹರಿದ ಹಾಳೆಗಳು ಮತ್ತೆ ಯಾವುದೋ ಪ್ರೆಸ್ಸಿನಲ್ಲಿ ಕಾಗದವಾಗಿ, ಮತ್ತದೇ ನಾಲ್ಕು ಸುಳ್ಳುಗಳನ್ನು ಹೊತ್ತು ಬರಬಹುದು.

ಕವರು ಎತ್ತಿಕೊಂಡು ಗಾಂಧಿ ಬಜಾರಿನಿಂದ ಬಂದ ಮರುದಿನ, ಆಕ್ಷೇಪಣೆಯ ಕಡೆಯ ದಿನ, ಬೆಳಿಗ್ಗೆ ಅಂಗಡಿಗಳು ಬಾಗಿಲು ತೆಗೆಯುವ ಹೊತ್ತಿಗೆ, ಸುಲ್ತಾನ್‌ಪೇಟೆಗೆ ಹೋದೆ. ಭಾಗ್ಯ ಕೌಂಟರಿನ ಮೇಲೆ ಪತ್ರಿಕೆಗಳ ಸ್ಯಾಂಪಲ್ ಜೋಡಿಸುತ್ತಿದ್ದಳು. ನಿಂತಲ್ಲೇ ಹೇಳಿದೆ. ಆರು ದಿನ ಮೊದಲು ಹೇಳಬೇಕಿದ್ದ ವಾಕ್ಯವನ್ನೇ, ಪದ ಬದಲಿಸದೆ.

ಅವಳು ಕೌಂಟರ್ ಸುತ್ತಿ ನನ್ನ ಎದುರಿಗೆ ಬಂದಳು.

“ನಾನು ಮೇಡಂಗೆ ಏನೇನಂದೆ ಗೊತ್ತಾ ನಿಂಗೆ?” ಎಂದಳು. “ಏನೇನಂದೆ ಗೊತ್ತಾ?” ಕೈಯಲ್ಲಿದ್ದ ಪತ್ರಿಕೆಗಳ ಕಟ್ಟನ್ನು ಕೌಂಟರಿಗೆ ಕುಕ್ಕಿ, ಮಾಲೀಕರಿಗೆ ಅರ್ಧ ಗಂಟೆ ಎಂದು ಕೂಗಿ, ಚಪ್ಪಲಿ ಮೆಟ್ಟಿದಳು. “ನಡಿ. ನಾನೂ ಹಾಕ್ತೀನಿ. ನಿನ್ನ ಜೊತೆ ಮಾತಾಡಲ್ಲ.”

ಮಾತಾಡಲಿಲ್ಲ. ಸೈಬರ್ ಸೆಂಟರಿನವರೆಗೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಅವಳ ಆಕ್ಷೇಪಣೆ ಮೊದಲು ಹೋಯಿತು. ಆಮೇಲೆ ನನ್ನದು. ಕನ್ನಡಕದ ಮಧ್ಯವಯಸ್ಸಿನ ಆಪರೇಟರು ಪಠ್ಯಪುಸ್ತಕದ ಪುಟವನ್ನು ಮತ್ತೆ ಸ್ಕ್ಯಾನ್ ಮಾಡಿ, ನನ್ನ ನೋಂದಣಿ ಸಂಖ್ಯೆ ಹಾಕಿ, ಪರದೆಯ ಮೇಲೆ ಬಂದದ್ದನ್ನು ಎರಡು ಸಲ ಓದಿದರು.

“ಮೇಡಂ, ಏನೋ ತಪ್ಪಾಗಿದೆ ನೋಡಿ. ನಿಮ್ಮ ಉತ್ತರ ಎರಡು, ಕೀನೂ ಎರಡು. ನಿಮ್ಗೆ ಮಾರ್ಕ್ಸ್ ಬಂದಿದೆಯಲ್ಲ? ಮತ್ತೆ ಯಾರ ಮೇಲೆ ಆಕ್ಷೇಪಣೆ?”

ಭಾಗ್ಯ ಬಾಗಿಲ ಬಳಿ, ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಳು. ಬಿಸಿಲು ಅವಳನ್ನು ದಾಟಿ ಒಳಗೆ ಕೀಬೋರ್ಡಿನವರೆಗೂ ಬಂದಿತ್ತು.

“ತಪ್ಪಾಗಿಲ್ಲ,” ಎಂದೆ. “ಹಾಕಿ.”

“ಒಂದ್ಸಲ ಸಬ್ಮಿಟ್ ಕೊಟ್ರೆ ವಾಪಸ್ ಇಲ್ಲ ನೋಡಿ. ಆಮೇಲೆ ನನ್ನ ಬೈಬೇಡಿ.”

ನಾನು ಕೈ ಚಾಚಿ ಮೌಸ್ ತೆಗೆದುಕೊಂಡೆ. ನಾನೇ ಒತ್ತಿದೆ.